ಒಬ್ಬಳೇ ಹೆಂಡತಿ

ಮಾಕುಂಜೆನೆ ಸಾಮೂಹಿಕ ಗ್ರಾಮ, ನಾಲ್ಕನೇ ಸಾಲು
23 ಅಕ್ಟೋಬರ್ 1977

ನ್ಯೆಲೆಟಿಗೆ,

ಅಲ್ಜಿರಾ ಬರೆಯುವುದು. ನಿನ್ನ ಅಣ್ಣನ ಮನೆಯ ವಿಳಾಸ ಲಾರಿಯವನಿಂದ ಸಿಕ್ಕಿತು. ನೀನು ಮಪುಟೊ ತಲುಪಿದೆ ಎಂದೂ, ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡೆ ಎಂದೂ ಅವನೇ ಹೇಳಿದ. ನಿನಗೆ ಓದಲು ಬರುವುದಿಲ್ಲ, ಯಾರಾದರೂ ಓದಿ ಹೇಳಬೇಕು. ಆದ್ದರಿಂದ ಯಾರು ಓದಿದರೂ ತೊಂದರೆಯಿಲ್ಲದ ಮಾತುಗಳನ್ನೇ ಬರೆಯುತ್ತೇನೆ.

ಕುಲಾನಿ ಚೆನ್ನಾಗಿದ್ದಾಳೆ. ನೀನು ಹೋದ ದಿನ ರಸ್ತೆಯ ಮೇಲೇ ನಿಂತಿದ್ದಳು. ಕರೆದರೆ ಬರಲಿಲ್ಲ. ಎಂಟು ವರ್ಷದ ಹುಡುಗಿಯನ್ನು ಎತ್ತಿಕೊಂಡು ಬರುವಷ್ಟು ಶಕ್ತಿ ನನ್ನ ಸೊಂಟಕ್ಕಿಲ್ಲ. ಹಸಿವಾದ ಮೇಲೆ ತಾನೇ ಬಂದಳು. ಮರಗೆಣಸಿನ ಸೊಪ್ಪಿಗೆ ಕಡಲೆಕಾಯಿ ಕುಟ್ಟಿ ಹಾಕಿದ್ದೆ, ಮುದ್ದೆಯ ಜೊತೆ ಎರಡು ಸಲ ಹಾಕಿಸಿಕೊಂಡಳು. ಈಗ ನನ್ನ ಚಾಪೆಯ ಮೇಲೇ ಮಲಗುತ್ತಾಳೆ. ಮಗು ತಂದೆಯ ಮನೆಯಲ್ಲಿ ಉಳಿಯಬೇಕೆಂಬುದು ಹಳೆಯ ಪದ್ಧತಿ. ನಿನಗೂ ಗೊತ್ತಿರುವುದೇ.

ಸಭೆಯ ಅರ್ಧಕ್ಕೆ ನೀನು ಎದ್ದು ಹೋದೆ. ಆಮೇಲೆ ನಡೆದದ್ದು ಇಷ್ಟು. ಇಬ್ಬರು ಹೆಂಡಿರಿರುವವರು ಜನಸಭೆಯ ಚುನಾವಣೆಗೆ ನಿಲ್ಲುವಂತಿಲ್ಲ ಎಂದು ಚುನಾವಣೆ ನಡೆಸಲು ಜಿಲ್ಲೆಯಿಂದ ಬಂದ ಬ್ರಿಗೇಡಿನವರು ಇನ್ನೊಮ್ಮೆ ಓದಿದರು. ನಮ್ಮ ಯಜಮಾನರು ಇನ್ನೊಮ್ಮೆ ಎದ್ದು ನಿಂತು, "ಇವತ್ತಿಂದ ನಂಗೆ ಒಬ್ಬಳೇ ಹೆಂಡ್ತಿ, ಎಲ್ರ ಮುಂದೆ ಹೇಳ್ತಿದೀನಿ" ಎಂದರು. ಬ್ರಿಗೇಡಿನವರು ಒಂದೆರಡು ಪ್ರಶ್ನೆ ಕೇಳಿದರು. ಉತ್ತರ ಕೊಟ್ಟೆವು. ಚಪ್ಪಾಳೆಯಾಯಿತು. ಹಿಂದಿನ ಸಾಲಿನಲ್ಲಿದ್ದ ಇಬ್ಬರು ಗಂಡಸರು, ಮೂರು ಮೂರು ಹೆಂಡಿರಿರುವವರು, ಮೆಲ್ಲಗೆ ಎದ್ದು ಗೇರುಮರದ ಹಿಂದೆ ಹೋದರು. ಅವರು ಚುನಾವಣೆಗೆ ನಿಲ್ಲುವವರೇ ಅಲ್ಲ. ಆದರೂ ಹೆದರಿದರು.

ಇವರು ಗೆದ್ದಿದ್ದಾರೆ. ಈಗ ಎಲ್ಲರೂ ಇವರನ್ನು ಕಾಮ್ರೇಡ್ ಜೊಸೆಫಾಟೆ ಎಂದು ಕರೆಯುತ್ತಾರೆ.

ನಿನ್ನ ಬೀಜದ ಕಡಲೆಕಾಯಿ ನನ್ನ ಹತ್ತಿರ ಇದೆ. ಮಳೆ ಬಿದ್ದರೆ ನಿನ್ನ ತುಂಡು ಹೊಲದಲ್ಲೇ ಬಿತ್ತುತ್ತೇನೆ.

ಅಲ್ಜಿರಾ

---

ಮಪುಟೊ
4 ಡಿಸೆಂಬರ್ 1977

ಗೌರವಾನ್ವಿತ ಅಲ್ಜಿರಾ ಅಕ್ಕನವರಿಗೆ,

ಇದನ್ನು ಬರೆಯುತ್ತಿರುವವಳು ಬೆಲ್ಮಿರಾ. ಗೇರುಬೀಜದ ಕಾರ್ಖಾನೆಯಲ್ಲಿ ನಿಮ್ಮ ನ್ಯೆಲೆಟಿಯ ಪಕ್ಕದಲ್ಲಿ ಕೂರುವವಳು. ನಿಮ್ಮ ಪತ್ರ ಓದಿ ಹೇಳಿದವಳೂ ನಾನೇ. ಇನ್ನು ಮುಂದಿನದು ಅವಳ ಮಾತು.

ಅಕ್ಕ, ನಾನು ಚೆನ್ನಾಗಿದ್ದೇನೆ. ಅಣ್ಣನ ಹೆಂಡತಿ ಮೊದಲ ವಾರ "ಬಾ ತಾಯಿ" ಎಂದಳು. ಮೂರನೇ ವಾರ ಪಕ್ಕದ ಮನೆಯವಳಿಗೆ ಕೇಳುವ ಹಾಗೆ, "ಇವಳಿಗೆ ವಿಮೋಚನೆ ಆಗಿದೆಯಂತೆ ಕಣೇ. ನಮ್ಮ ಅಡುಗೆಮನೆಗೆ ಯಾವಾಗ ಆಗತ್ತೋ ಗೊತ್ತಿಲ್ಲ" ಎಂದಳು. ಅದಕ್ಕೇ ಕೆಲಸ ಹುಡುಕಿದೆ. ಈಗ ಬೆಲ್ಮಿರಾಳ ಜೊತೆ ಒಂದೇ ಕೋಣೆಯಲ್ಲಿದ್ದೇನೆ. ಹುರಿದ ಬೀಜದ ಸಿಪ್ಪೆ ಒಡೆಯುವುದು ನನ್ನ ಕೆಲಸ. ಅದರ ಎಣ್ಣೆ ತಾಗಿ ಕೈ ಸುಡುತ್ತದೆ. ಬೆರಳಿನ ಚರ್ಮ ಮೂರು ಸಲ ಸುಲಿದು ಬಂತು, ಈಗ ಗಟ್ಟಿಯಾಗಿದೆ.

ಕುಲಾನಿಗೆ ಮುದ್ದೆ ತೀರಾ ಬಿಸಿ ಇರುವಾಗ ಕೊಡಬೇಡ. ನುಂಗಿಬಿಡುತ್ತಾಳೆ, ಆಮೇಲೆ ಅಳುತ್ತಾಳೆ. ಇಷ್ಟೇ ಹೇಳಬೇಕಾಗಿದ್ದದ್ದು.

ಬೆಲ್ಮಿರಾಳ ಸೇರ್ಪಡೆ: ಅಕ್ಕ, ಅವಳು ಬಹಳ ಹೊತ್ತು ಮಾತಾಡಿದಳು. ನಾನು ಬರೆದು ಮುಗಿಸಿ ಓದಿ ಹೇಳಿದ ಮೇಲೆ, ಅರ್ಧ ಹೊಡೆದು ಹಾಕು ಎಂದಳು. ಹೊಡೆದು ಹಾಕಿ ಹೊಸ ಹಾಳೆಯಲ್ಲಿ ಬರೆದಿದ್ದೇನೆ.

ನ್ಯೆಲೆಟಿಯ ಪರವಾಗಿ,
ಬೆಲ್ಮಿರಾ

---

ಮಾಕುಂಜೆನೆ
19 ಮಾರ್ಚ್ 1978

ನ್ಯೆಲೆಟಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಕಳೆ ಕೀಳುವ ಕೆಲಸ ಮುಗಿದ ಮೇಲೆ ಬರೆಯೋಣವೆಂದು ತಡಮಾಡಿದೆ.

ಈ ವರ್ಷ ಹೊಳೆ ತನ್ನ ಪಾತ್ರದಲ್ಲೇ ಇದೆ. ಹೋದ ವರ್ಷ ಇದೇ ಸುಮಾರಿಗೆ ನಾವಿಬ್ಬರೂ ಹಳೆ ಮನೆಯ ಸೂರಿನ ಮೇಲೆ ಕೂತಿದ್ದೆವು. ಮಧ್ಯದಲ್ಲಿ ಕುಲಾನಿ, ಸುತ್ತ ನೀರು. ಇವರು ದಕ್ಷಿಣ ಆಫ್ರಿಕದ ಗಣಿಯಲ್ಲಿದ್ದರು. ಎರಡನೇ ದಿನ ದೋಣಿ ಬಂದಾಗ ಸೈನಿಕ, "ಇವಳಿಗೆ ತಾಯಿ ಯಾರು?" ಎಂದು ಕೇಳಿದ್ದಕ್ಕೆ ನಾವಿಬ್ಬರೂ ಒಟ್ಟಿಗೇ "ನಾನು" ಎಂದೆವು. ಅವನು ನಕ್ಕು ಮೂವರನ್ನೂ ಹತ್ತಿಸಿಕೊಂಡ. ಯಾಕೋ ಮೊನ್ನೆ ನೆನಪಾಯಿತು.

ಕುಲಾನಿ ಹೊಸ ಶಾಲೆಗೆ ಹೋಗುತ್ತಾಳೆ. ಲೆಕ್ಕದಲ್ಲಿ ಚುರುಕು. ನನ್ನನ್ನು ದೊಡ್ಡಮ್ಮ ಎನ್ನುವುದನ್ನು ಬಿಟ್ಟು ಒಂದೊಂದು ಸಲ ಅಮ್ಮ ಎನ್ನುತ್ತಾಳೆ. ನಾನು ಹೇಳಿಕೊಟ್ಟದ್ದಲ್ಲ.

ಇವರು ವಾರಕ್ಕೆ ಮೂರು ಸಭೆಗೆ ಹೋಗುತ್ತಾರೆ. ಹೆಣ್ಣು ಗಂಡು ಸಮಾನ ಎಂದು ಪ್ರತಿ ಸಭೆಯಲ್ಲೂ ಚೆನ್ನಾಗಿ ಮಾತಾಡುತ್ತಾರೆ. ಒಂದು ದಿನ ಬಾವಿಯಿಂದ ನೀರನ್ನೂ ತಂದರು. ಡಬ್ಬವನ್ನು ತಲೆಯ ಮೇಲಿಡಲು ಬರಲಿಲ್ಲ. ಬಾವಿಯ ಹತ್ತಿರ ಹೆಂಗಸರೆಲ್ಲ, "ಅಯ್ಯೋ ಕಾಮ್ರೇಡ್, ನಿಮ್ಮ ಭಾಷಣ ಚೆಲ್ಲಿಹೋಗ್ತಿದೆ ನೋಡಿ" ಎಂದು ನಕ್ಕರಂತೆ. ಮತ್ತೆ ಹೋಗಲಿಲ್ಲ.

ಅಲ್ಜಿರಾ

---

ಮಪುಟೊ
11 ಜೂನ್ 1978

ಅಲ್ಜಿರಾ ಅಕ್ಕನವರಿಗೆ,

ಬೆಲ್ಮಿರಾ ಬರೆಯುತ್ತಿದ್ದೇನೆ. ನ್ಯೆಲೆಟಿ ಕೇಳುತ್ತಿದ್ದಾಳೆ: ಶಾಲೆಯ ರಜೆಯಲ್ಲಿ ಕುಲಾನಿಯನ್ನು ಹದಿನೈದು ದಿನ ಕಳಿಸಿಕೊಡಲು ಆಗುತ್ತದೆಯೇ? ನಮ್ಮ ಕಾರ್ಖಾನೆಯಲ್ಲಿ ಈಗ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ ಮಾಡಿದ್ದಾರೆ. ಹಾಲು ಕೊಡುತ್ತಾರೆ.

ಕೆಲಸ ಮುಗಿದ ಮೇಲೆ ಇಲ್ಲೇ ಅಕ್ಷರದ ತರಗತಿ ನಡೆಯುತ್ತದೆ. ಅವಳೂ ಸೇರಿದ್ದಾಳೆ. ಸೀಮೆಸುಣ್ಣ ಹಿಡಿದರೆ ಗುದ್ದಲಿ ಹಿಡಿದ ಹಾಗೆ ಹಿಡಿಯುತ್ತಾಳೆ. ಇದನ್ನು ಬರೆಯಬೇಡ ಎಂದಳು, ನಾನು ಬರೆದೆ.

ಬೆಲ್ಮಿರಾ

---

ಮಾಕುಂಜೆನೆ
18 ಫೆಬ್ರುವರಿ 1979

ನ್ಯೆಲೆಟಿಗೆ,

ರಜೆಯ ವಿಷಯ ಕೇಳಿದ್ದೆಯಂತೆ. ಆಗ ಇವರು ಬೇಡವೆಂದರು. ನಾನೂ ಒತ್ತಾಯ ಮಾಡಲಿಲ್ಲ. ಆಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬರೆಯಲು ಒಂದು ದೊಡ್ಡ ಸುದ್ದಿ ಇದೆ.

ನಮ್ಮ ಗ್ರಾಮಕ್ಕೆ ಜನರ ನ್ಯಾಯಾಲಯ ಬಂದಿದೆ. ಐವರು ನ್ಯಾಯಾಧೀಶರು, ಅದರಲ್ಲಿ ಇಬ್ಬರು ಹೆಂಗಸರು. ಒಬ್ಬಳು ನಾನು. ಗೇರುಮರದ ಕೆಳಗೆ ಸಭೆ ಸೇರಿ ಆರಿಸಿದರು. ಮುಖ್ಯಸ್ಥ ಎಫ್ರಾಯಿಮ್ ತಾತ. ನಾನು ಬೇಡವೆಂದಾಗ ಅವನು, "ನಮ್ಮ ನಾಲ್ಕು ಜನಕ್ಕೆ ನ್ಯಾಯ ಗೊತ್ತು, ಅಕ್ಷರ ಗೊತ್ತಿಲ್ಲ. ನೀನು ಮಿಷನ್ ಶಾಲೇಲಿ ಓದಿದೋಳು. ಅಕ್ಷರ ನೀನು ತಗೊಂಬಾ, ನ್ಯಾಯ ನಾವು ಹೇಳಿಕೊಡ್ತೀವಿ" ಎಂದ.

ಮನೆಯಲ್ಲಿ ಇವರು, "ಇನ್ಮೇಲೆ ಸಾರಿಗೆ ಉಪ್ಪು ಕಮ್ಮಿ ಅಂದ್ರೆ ಕೇಸು ಹಾಕ್ತೀಯೇನೆ?" ಎಂದರು. ನಗುತ್ತಲೇ ಎಂದರು.

ಮೊದಲ ಕೆಲವು ವಾರ ಕೋಳಿ, ಆಡು, ಗಡಿಯ ಜಗಳಗಳೇ ಬಂದವು. ನಿನ್ನೆ ಒಂದು ದೊಡ್ಡ ವ್ಯಾಜ್ಯ ಬಂತು. ಐದನೇ ಸಾಲಿನ ರೆಬೆಕಾ ಗಂಡನನ್ನು ಬಿಟ್ಟು ಬಂದಿದ್ದಾಳೆ, ಮೂರು ವರ್ಷದ ಮಗನ ಜೊತೆ. ಗಂಡನ ಅಣ್ಣ ಮಗುವನ್ನು ಕೇಳಲು ಬಂದ. ಅವನಿಗೂ ನನಗೂ ನಡೆದದ್ದನ್ನು ಹಾಗೆಯೇ ಬರೆಯುತ್ತೇನೆ.

"ಇವಳಿಗೆ ತೆರ ಅಂತ ಹನ್ನೊಂದು ಹಸು ಕೊಟ್ಟಿದೀವಿ. ಹಸು ಅವರಪ್ಪನ ಕೊಟ್ಟಿಗೆ ಸೇರಿದ್ಮೇಲೆ ಮಗು ನಮ್ಮ ಮನೆ ಸೇರ್ಬೇಕು."

"ಆ ಹಸು ಈಗೆಲ್ಲಿದಾವೆ?"

"ಎಲ್ಲಿ ಅಂದ್ರೆ? ಹೊಳೆ ಕೊಚ್ಕೊಂಡು ಹೋಯ್ತು, ಎಲ್ರದ್ದೂ ಹೋದಂಗೆ."

"ಹಾಗಾದ್ರೆ ಮಗೂನ ಹೊಳೆ ಹತ್ರ ಕೇಳು. ಹಸು ತಗೊಂಡಿರೋದು ಅದು."

ಗೇರುಮರದಲ್ಲಿದ್ದ ಹಕ್ಕಿಗಳೆಲ್ಲ ಹಾರಿಹೋಗುವಷ್ಟು ಜನ ನಕ್ಕರು. ನಗು ನಿಂತ ಮೇಲೆ ತೀರ್ಪು ಹೇಳಲು ಎಫ್ರಾಯಿಮ್ ತಾತ ನನಗೇ ಬಿಟ್ಟ. ನಾನು ಎದ್ದು ನಿಂತು ಹೇಳಿದ್ದು ಇದು: ತೆರ ಕೊಟ್ಟವರು ಹೆಂಗಸನ್ನೂ ಕೊಂಡುಕೊಂಡಿಲ್ಲ, ಅವಳ ಹೊಟ್ಟೆಯನ್ನೂ ಕೊಂಡುಕೊಂಡಿಲ್ಲ. ಹೆತ್ತು ಸಾಕುತ್ತಿರುವವಳು ದುಡಿದು ತಿನ್ನುತ್ತಿದ್ದರೆ ಮಗು ಅವಳ ಹತ್ತಿರವೇ ಇರಬೇಕು. ಅಪ್ಪ ಬಂದು ನೋಡಬಹುದು. ಹಳೆಯ ಪದ್ಧತಿಯನ್ನು ಇಲ್ಲಿ ಯಾರೂ ತೋರಿಸಬೇಡಿ.

ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. ನಲವತ್ತೇಳು ವರ್ಷದಲ್ಲಿ ನಾನು ಎದ್ದು ನಿಂತು ಮಾತಾಡಿದ್ದು, ಗಂಡಸರು ಕೂತು ಕೇಳಿದ್ದು ಮೊದಲ ಸಲ. ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ತೀರ್ಪನ್ನು ಬರೆದುಕೊಂಡ. ಬೇರೆ ಗ್ರಾಮಗಳಲ್ಲೂ ಓದಿ ಹೇಳುತ್ತಾರಂತೆ.

ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಇಲ್ಲಿ ಹೇಳುವಂಥವರು ಯಾರೂ ಇಲ್ಲ.

ಅಲ್ಜಿರಾ

---

ಮಪುಟೊ
25 ಮಾರ್ಚ್ 1979

ಅಕ್ಕ,

ಇದು ನನ್ನ ಕೈ. ಬೆಲ್ಮಿರಾ ಪಕ್ಕದಲ್ಲಿ ಇಲ್ಲ. ತರಗತಿಯಲ್ಲಿ ಪೋರ್ಚುಗೀಸ್ ಕಲಿಸುತ್ತಾರೆ. ಅದೇ ಅಕ್ಷರದಲ್ಲಿ ನಮ್ಮ ಮಾತು ಬರೆಯುತ್ತಿದ್ದೇನೆ. ತಪ್ಪು ಇದ್ದರೆ ಇರಲಿ.

ನಿನ್ನ ಕಾಗದ ನಾನೇ ಓದಿದೆ. ಮೂರು ದಿನ ಹಿಡಿಯಿತು. ರೆಬೆಕಾಳ ಮಗು ರೆಬೆಕಾಳಿಗೆ. ಒಳ್ಳೆಯದು.

ನಾನೂ ಹೆತ್ತಿದ್ದೇನೆ. ನಾನೂ ದುಡಿದು ತಿನ್ನುತ್ತಿದ್ದೇನೆ. ನನ್ನ ತೆರದ ಹಸುಗಳೂ ಅದೇ ಹೊಳೆಯಲ್ಲಿ ಹೋದವು. ನನ್ನ ಮಗು ಯಾರಿಗೆ?

ಇನ್ನೊಂದು. ಸಭೆಯಲ್ಲಿ ಬ್ರಿಗೇಡಿನವರು ಒಂದೆರಡು ಪ್ರಶ್ನೆ ಕೇಳಿದರು ಎಂದು ನೀನು ಬರೆದಿದ್ದೆ. ಏನು ಪ್ರಶ್ನೆ ಎಂದು ಬರೆಯಲಿಲ್ಲ. ಲಾರಿಯವನ ಹೆಂಡತಿ ಇಲ್ಲಿ ಸಿಕ್ಕಿದ್ದಳು, ಅವಳು ಹೇಳಿದಳು. "ಮನೆಯವರೆಲ್ಲ ಒಪ್ಪಿದ್ದಾರಾ, ಆ ಹೆಂಗಸೂ ಒಪ್ಪಿದ್ದಾಳಾ" ಎಂದು ನಿನ್ನನ್ನು ಕೇಳಿದರಂತೆ. ನೀನು ಹೌದು ಅಂದೆಯಂತೆ.

ನಾನು ಮರದ ಆಚೆ ಇದ್ದೆ, ಅಕ್ಕ. ಇಪ್ಪತ್ತು ಹೆಜ್ಜೆ ದೂರ.

ನ್ಯೆಲೆಟಿ

---

ಮಾಕುಂಜೆನೆ
6 ಮೇ 1979

ನ್ಯೆಲೆಟಿಗೆ,

ಕಾಗದ ತಲುಪಿತು. ಮೆಕ್ಕೆಜೋಳದ ಕೊಯ್ಲು ಮುಗಿದಿದೆ. ನಿನ್ನ ತುಂಡಿನ ಕಡಲೆಕಾಯಿ ಚೆನ್ನಾಗಿ ಬಂತು, ಒಂದು ಚೀಲ ಲಾರಿಯವನ ಕೈಯಲ್ಲಿ ಕಳಿಸಿದ್ದೇನೆ. ಕುಲಾನಿಗೆ ಮುಂದಿನ ಎರಡು ಹಲ್ಲು ಸ್ವಲ್ಪ ಉಬ್ಬಾಗಿ ಬಂದಿವೆ, ನಿನ್ನ ಹಾಗೆ.

ನಿನ್ನ ಕೈಬರಹ ಚೆನ್ನಾಗಿದೆ.

ಅಲ್ಜಿರಾ

---

ಮಪುಟೊ
10 ಜೂನ್ 1979

ಮಾಕುಂಜೆನೆ ಗ್ರಾಮದ ಜನರ ನ್ಯಾಯಾಲಯಕ್ಕೆ,

ನಾನು ನ್ಯೆಲೆಟಿ. ಜೊಸೆಫಾಟೆ ಚೊಂಗೊ ಅವರ ಎರಡನೇ ಹೆಂಡತಿಯಾಗಿ ಒಂಬತ್ತು ವರ್ಷ ಇದ್ದೆ. 1977ರ ಅಕ್ಟೋಬರ್ ಸಭೆಯಲ್ಲಿ ನನ್ನನ್ನು ಬಿಟ್ಟರು. ಮೂರನೇ ದಿನ ಲಾರಿ ಹತ್ತಿಸಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಒಪ್ಪಿದ್ದೇನೆ ಎಂದು ಸಭೆಗೆ ಹೇಳಿದರು. ಹೇಳಿದವರು ಇವತ್ತು ನಿಮ್ಮ ಜೊತೆ ನ್ಯಾಯಾಧೀಶರಾಗಿ ಕೂತಿದ್ದಾರೆ.

ನನ್ನ ಮಗಳು ಕುಲಾನಿಗೆ ಈಗ ಹತ್ತು ವರ್ಷ. ಅವಳು ನನ್ನ ಹತ್ತಿರ ಇರಬೇಕು. ರೆಬೆಕಾಳಿಗೆ ಕೊಟ್ಟ ತೀರ್ಪನ್ನು ನನಗೂ ಕೊಡಿ. ಬೇರೆ ತೀರ್ಪು ಕೊಡುವುದಾದರೆ ಯಾಕೆ ಎಂದು ಬರೆದು ತಿಳಿಸಿ. ನನಗೆ ಓದಲು ಬರುತ್ತದೆ.

ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಆದ್ದರಿಂದ ಬರಲಾಗುವುದಿಲ್ಲ, ಬರೆದಿದ್ದೇನೆ.

ನ್ಯೆಲೆಟಿ

---

ಮಾಕುಂಜೆನೆ
8 ಜುಲೈ 1979

ನ್ಯೆಲೆಟಿಗೆ,

ನಿನ್ನ ಅರ್ಜಿಯ ವಿಚಾರಣೆ ನಿನ್ನೆ ಶನಿವಾರ ಆಯಿತು. ನೀನು ಇರಲಿಲ್ಲ, ಆದ್ದರಿಂದ ನಡೆದದ್ದನ್ನೆಲ್ಲ ಬರೆಯುತ್ತೇನೆ.

ಲಕೋಟೆ ಬಂದದ್ದು ಎಫ್ರಾಯಿಮ್ ತಾತನ ಕೈಗೆ. ಅವನು ಅದನ್ನು ಒಡೆಯದೆ ಶನಿವಾರದವರೆಗೆ ಇಟ್ಟುಕೊಂಡು, ಎಲ್ಲರೂ ಸೇರಿದ ಮೇಲೆ ನನ್ನ ಕೈಗೆ ಕೊಟ್ಟು, "ಓದಮ್ಮ ಅಲ್ಜಿರಾ" ಎಂದ. ಕೈಬರಹ ನೋಡಿದ ಕೂಡಲೇ ಗೊತ್ತಾಯಿತು. ಒಡೆದೆ. ಮೊದಲ ಸಾಲು ಓದಿದೆ. ಇವರು ಗುಂಪಿನ ಮುಂದೆಯೇ ಕುರ್ಚಿಯ ಮೇಲೆ ಕೂತಿದ್ದರು. ಜನಸಭೆಯ ಸದಸ್ಯರಿಗೆ ಕುರ್ಚಿ ಹಾಕುತ್ತಾರೆ.

ಒಂದೆರಡು ಸಾಲು ಹಾರಿಸಿ ಓದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಐವರಲ್ಲಿ ಓದಲು ಬರುವವಳು ನಾನೊಬ್ಬಳೇ. ಹಾರಿಸಬೇಕೆಂದು ನನಗೆ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಸಾಲು ಬರುವ ಮೊದಲು ನಿಲ್ಲಿಸಿ ನೀರು ಕೇಳಿದೆ. ಕುಡಿದೆ. ಆಮೇಲೆ ಅದನ್ನೂ ಓದಿದೆ. "ಹೇಳಿದವರು ಇವತ್ತು ನಿಮ್ಮ ಜೊತೆ ನ್ಯಾಯಾಧೀಶರಾಗಿ ಕೂತಿದ್ದಾರೆ."

ಓದಿ ಮುಗಿಸಿ, ಹಾಳೆಯನ್ನು ಬೆಂಚಿನ ಮೇಲಿಟ್ಟು, ಎದ್ದು ಹೋಗಿ ಹೆಂಗಸರ ನಡುವೆ ನೆಲದ ಮೇಲೆ ಕೂತೆ.

ಇವರು ಎದ್ದರು. "ಇದು ಮನೆ ವಿಷಯ. ಇಬ್ರು ಹೆಂಗಸರ ಜಗಳ. ಇದನ್ನ ನ್ಯಾಯಾಲಯಕ್ಕೆ ತರೋ ಅಂಥಾದ್ದೇನಿದೆ?" ಎಂದರು.

ಎಫ್ರಾಯಿಮ್ ತಾತ ತಲೆ ಕೆರೆದುಕೊಂಡ. "ಇಬ್ರು ಎಲ್ಲಿಂದ ಬಂದ್ರು ಕಾಮ್ರೇಡ್? ನಿಮಗೆ ಒಬ್ಬಳೇ ಅಲ್ವಾ?"

ಜನ ನಕ್ಕರು. ನನಗೆ ನಗು ಬರಲಿಲ್ಲ.

"ಹುಡುಗಿ ಚೊಂಗೊ ಮನೆತನದೋಳು. ನಮ್ಮ ರಕ್ತ" ಎಂದರು ಇವರು.

"ರೆಬೆಕಾ ಮಗನೂ ಯಾರದೋ ರಕ್ತಾನೇ ಆಗಿತ್ತಲ್ಲ. ಅವತ್ತು ನೀವೇ ಜೋರಾಗಿ ಚಪ್ಪಾಳೆ ಹೊಡೆದ್ರಿ."

ಆಮೇಲೆ ತಾತ ನನ್ನ ಕಡೆ ತಿರುಗಿ, ಇದರಲ್ಲಿ ಬರೆದಿರುವುದು ನಿಜವೇ ಎಂದು ಕೇಳಿದ. ನಾನು ಎದ್ದು ನಿಂತು ಹೇಳಿದ್ದನ್ನು ನಿನಗೂ ಹೇಳಬೇಕು. ಆ ದಿನ ಬ್ರಿಗೇಡಿನವರು ಕೇಳಿದಾಗ ನಾನು ಹೌದು ಎಂದದ್ದು ನಿಜ. ನ್ಯೆಲೆಟಿಯನ್ನು ಯಾರೂ ಕೇಳಿರಲಿಲ್ಲ, ಅದೂ ನಿಜ. ಇವರು ಹೇಳಿಕೊಟ್ಟದ್ದಲ್ಲ, ಹೆದರಿಸಿಯೂ ಇರಲಿಲ್ಲ. ನನಗೆ ಮಕ್ಕಳಿಲ್ಲವೆಂದು ಇನ್ನೊಬ್ಬಳನ್ನು ತಂದಾಗ, ನೀನು ಒಪ್ಪುತ್ತೀಯಾ ಎಂದು ನನ್ನನ್ನೂ ಯಾರೂ ಕೇಳಿರಲಿಲ್ಲ. ಒಂಬತ್ತು ವರ್ಷ ಆ ಪ್ರಶ್ನೆಗೆ ಕಾದಿದ್ದೆ. ಕೊನೆಗೂ ಯಾರೋ ಕೇಳಿದರು, ಆದರೆ ಅದು ಅವಳನ್ನು ಕೇಳಬೇಕಾಗಿದ್ದ ಪ್ರಶ್ನೆ. ಉತ್ತರ ನನ್ನದನ್ನು ಕೊಟ್ಟೆ. ಅವಳು ಹೋಗಲಿ, ಮಗು ಉಳಿಯಲಿ ಎಂದು ನನಗೆ ಆಸೆಯಿತ್ತು.

ಇಷ್ಟೇ ಹೇಳಿದ್ದು. ಇವರು ನನ್ನ ಮುಖ ನೋಡಲಿಲ್ಲ.

ಕುಲಾನಿಯನ್ನು ಕರೆದರು. ತಾತ, "ನಿಮ್ಮಮ್ಮನ ಹತ್ರ ಹೋಗ್ತೀಯಾ ಪುಟ್ಟಿ?" ಎಂದ. ಅವಳು, "ದೊಡ್ಡಮ್ಮನೂ ಬರ್ತಾಳಾ?" ಎಂದಳು. ಇಲ್ಲ ಎಂದರು. "ಅಲ್ಲಿ ಶಾಲೆ ಇದೆಯಾ?" ಎಂದಳು. ಇದೆ ಎಂದರು. ಆಮೇಲೆ ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ತೀರ್ಪು ಎರಡು. ಒಂದು, ಕುಲಾನಿ ನಿನ್ನ ಹತ್ತಿರ ಇರತಕ್ಕದ್ದು. ಶಾಲೆಯ ಮೇಡಂ ಒಟಿಲಿಯಾ ತಿಂಗಳ ಕೊನೆಗೆ ಮಪುಟೊಗೆ ಬರುತ್ತಾರೆ, ಅವರ ಜೊತೆ ಕಳಿಸುತ್ತೇನೆ. ಎರಡು, ಸಭೆಗೆ ಸುಳ್ಳು ಹೇಳಿದವಳು ನ್ಯಾಯಾಧೀಶಳಾಗಿ ಕೂರುವಂತಿಲ್ಲ. ಇದನ್ನು ಹೇಳುವಾಗ ಎಫ್ರಾಯಿಮ್ ತಾತನಿಗೆ ಕಷ್ಟವಾಯಿತು. ತೀರ್ಪು ಬರೆಯಲು ಬೇರೆ ಯಾರಿಗೂ ಬರುವುದಿಲ್ಲವಾದ್ದರಿಂದ ಎರಡನ್ನೂ ನಾನೇ ಬರೆದು ಕೊಟ್ಟೆ.

ಕಾಮ್ರೇಡ್ ಜೊಸೆಫಾಟೆಯ ಸದಸ್ಯತನದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಸುಳ್ಳು ಹೇಳಿದ್ದು ನಾನು ತಾನೇ.

ಅಲ್ಜಿರಾ

---

ಮಪುಟೊ
16 ಸೆಪ್ಟೆಂಬರ್ 1979

ಅಕ್ಕ,

ಕುಲಾನಿ ಬಂದು ಆರು ವಾರವಾಯಿತು. ನನ್ನ ಭುಜದವರೆಗೆ ಬೆಳೆದಿದ್ದಾಳೆ. ಬಸ್ ನಿಲ್ದಾಣದಲ್ಲಿ ನಾನು ಬೇರೆ ಹುಡುಗಿಯ ಕೈ ಹಿಡಿಯಲು ಹೋಗಿದ್ದೆ.

ಅವಳು ನನ್ನನ್ನು ನೀವು ಎನ್ನುತ್ತಾಳೆ. "ನೀವು ಕೂತ್ಕೊಳಿ, ಪಾತ್ರೆ ನಾನು ತೊಳಿತೀನಿ" ಎನ್ನುತ್ತಾಳೆ. ಬೆಲ್ಮಿರಾಳನ್ನು ಎರಡನೇ ದಿನವೇ ನೀನು ಎಂದಳು. ನಾನು ಕೆಲಸಕ್ಕೆ ಹೋಗಿ ಅತ್ತೆ.

ಅವಳ ತಲೆ ಹೆಣೆಯಲು ಹೋದರೆ ಬೇಡ ಎನ್ನುತ್ತಾಳೆ. ನೀನು ಹೇಗೆ ಹೆಣೆಯುತ್ತಿದ್ದೆ? ಎಷ್ಟು ಸಾಲು? ಅವಳು ಊಟಕ್ಕೆ ಏನು ಕೇಳುತ್ತಿದ್ದಳು? ಮಾತು ನಿಲ್ಲಿಸಿ ಮೂಲೆಯಲ್ಲಿ ಕೂತರೆ ಏನು ಮಾಡಬೇಕು, ಸುಮ್ಮನೆ ಬಿಡಬೇಕೋ ಕರೆಯಬೇಕೋ? ಬರೆದು ತಿಳಿಸು. ಬೇರೆ ಯಾರನ್ನು ಕೇಳಲಿ?

ನೀನು ಹೌದು ಅಂದದ್ದನ್ನು ನಾನು ಮರೆತಿಲ್ಲ. ನೀನು ಎಲ್ಲರ ಮುಂದೆ ಓದಿದ್ದನ್ನೂ ಮರೆಯುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂದು ತಿಳಿಯದು. ಒಂದು ಮಾತು ಹೇಳಲು ಇಷ್ಟವಿಲ್ಲ, ಆದರೂ ಹೇಳುತ್ತೇನೆ. ಲಾರಿ ಹತ್ತಿಸದೆ ಇದ್ದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಇದಕ್ಕಾಗಿ ಯಾರಿಗೂ ಥ್ಯಾಂಕ್ಸ್ ಹೇಳುವುದಿಲ್ಲ.

ನ್ಯೆಲೆಟಿ

---

ಮಾಕುಂಜೆನೆ
13 ಜನವರಿ 1980

ನ್ಯೆಲೆಟಿಗೆ,

ಮೊದಲು ನಿನ್ನ ಪ್ರಶ್ನೆಗಳಿಗೆ ಉತ್ತರ. ಏಳು ಸಾಲು, ಹಣೆಯಿಂದ ಹಿಂದಕ್ಕೆ. ಬಲಗಿವಿಯ ಹಿಂದೆ ಒಂದು ಹಳೆಯ ಗಾಯವಿದೆ, ಅಲ್ಲಿ ಎಳೆಯಬೇಡ. ಅವಳು ಬೇಡ ಎನ್ನುವುದು ಅದಕ್ಕೇ. ಹಸಿ ಕಡಲೆಕಾಯಿ ಬೇಯಿಸಿದ್ದು ಇಷ್ಟ, ಸಿಹಿಗೆಣಸು ಇಷ್ಟವಿಲ್ಲ. ಮೂಲೆಯಲ್ಲಿ ಕೂತರೆ ಕರೆಯಬೇಡ. ಅವಳ ಹತ್ತಿರ ಕೂತು ನಿನ್ನ ಕೆಲಸ ಮಾಡಿಕೋ. ಸ್ವಲ್ಪ ಹೊತ್ತಿಗೆ ನಿನ್ನ ಕೈಯಿಂದ ಕೆಲಸ ಕಿತ್ತುಕೊಂಡು, ಸರಿಯಾಗಿ ಮಾಡಲು ಬರುವುದಿಲ್ಲ ಎಂದು ಬಯ್ಯುತ್ತಾಳೆ. ಬೈದಳೆಂದರೆ ಆಯಿತು.

ಉತ್ತರ ತಡವಾದದ್ದಕ್ಕೆ ಕಾರಣವಿದೆ. ಆ ವಿಚಾರಣೆಯಾದ ಮೇಲೆ ಜೊಸೆಫಾಟೆ ನನ್ನ ಜೊತೆ ಮಾತು ಬಿಟ್ಟಿದ್ದ. ಮನೆಯಲ್ಲಿ ಅವನಿಗೆ ಮಗುವಿಲ್ಲ. ಹೆಂಡತಿಯೆಂದರೆ ಊರಿನ ಮುಂದೆ ಅವನ ಮರ್ಯಾದೆ ಕಳೆದವಳು. ನವೆಂಬರಿನಲ್ಲಿ ಒಂದು ದಿನ ಊಟಕ್ಕೆ ಕೂತವನು, "ಕಾನೂನು ಏನನ್ನುತ್ತೆ? ಒಬ್ಬಳೇ ಇರ್ಬೇಕು ಅನ್ನುತ್ತೆ. ಯಾರು ಅಂತ ಹೇಳಲ್ಲ" ಎಂದ. ಎರಡನೇ ಸಾಲಿನ ಒಲಿಂಪಿಯಾಳನ್ನು ಮದುವೆಯಾಗಬೇಕೆಂದಿದ್ದ. ಹತ್ತೊಂಬತ್ತು ವರ್ಷ. ಅವಳ ಅಪ್ಪನ ಜೊತೆ ಮಾತು ಆಗಿಹೋಗಿತ್ತು. ನನ್ನನ್ನು ಬಿಡಲು ನ್ಯಾಯಾಲಯಕ್ಕೆ ಅರ್ಜಿ ಕೊಟ್ಟ. ಎಲ್ಲ ಕ್ರಮಬದ್ಧವಾಗಿತ್ತು.

ನಾನು ಎರಡು ದಿನ ಹೊಲಕ್ಕೆ ಹೋಗಲಿಲ್ಲ. ಮೂರನೇ ದಿನ ಹೋದೆ.

ವಿಚಾರಣೆಯ ದಿನ ಎಫ್ರಾಯಿಮ್ ತಾತ, "ಅಲ್ಜಿರಾ, ನೀನು ಒಪ್ತೀಯಾ?" ಎಂದು ಕೇಳಿದ. ನನ್ನ ಪ್ರಶ್ನೆಯೇ ಕೊನೆಗೆ ಬಂತು, ಹೀಗೆ. ನಾನು ಹೇಳಿದೆ: "ನನ್ನ ಕೇಳೋದು ಆಮೇಲೆ ಇರ್ಲಿ ತಾತ. ಆ ಹುಡುಗಿ ಇಲ್ಲೇ ಕೂತಿದಾಳೆ, ಅವಳನ್ನ ಮೊದಲು ಕೇಳಿ. ಅವರಪ್ಪನ್ನಲ್ಲ, ಅವಳನ್ನ."

ಒಲಿಂಪಿಯಾಳ ಅಪ್ಪ, "ಅವಳಿಗೇನು ಗೊತ್ತಾಗುತ್ತೆ?" ಎಂದ. ತಾತ ಸುಮ್ಮನಿರು ಎಂದು ಕೈ ತೋರಿಸಿದ. ಹುಡುಗಿ ಎದ್ದು ನಿಂತಳು. ಗಂಡಸರಲ್ಲಿ ಕೆಲವರು ತಂಬಾಕು ತೆಗೆದರು. ನಾನು ಅವಳ ಕಡೆ ನೋಡಲಿಲ್ಲ. ನೋಡಿದರೆ ನಾನು ಹೇಳಿಕೊಟ್ಟ ಹಾಗಾಗುತ್ತಿತ್ತು.

"ನಂಗೆ ಟ್ರ್ಯಾಕ್ಟರ್ ಕಲೀಬೇಕು" ಎಂದಳು.

"ಏನು?"

"ಸರ್ಕಾರಿ ತೋಟದಲ್ಲಿ ಹುಡುಗೀರಿಗೆ ಟ್ರ್ಯಾಕ್ಟರ್ ಕಲಿಸ್ತಾರಂತೆ. ಹೆಸರು ಕೊಟ್ಟಿದೀನಿ. ಅಪ್ಪಂಗೆ ಹೇಳಿಲ್ಲ." ಆಮೇಲೆ ಜೊಸೆಫಾಟೆಯ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ನೀವು ಒಳ್ಳೆಯೋರು ಮಾವ. ನಮ್ಮಪ್ಪನ ಜೊತೆ ಕೂತು ಕುಡಿಯೋವಾಗಿಂದ ನೋಡಿದೀನಿ. ಆದ್ರೆ ಬೇಡ" ಎಂದಳು.

ಈ ಸಲ ನಾನೂ ನಕ್ಕೆ, ಬೇಡವೆಂದರೂ ಬಂತು.

ನಗು ನಿಂತ ಮೇಲೆ ತಾತ ಮತ್ತೆ ನನ್ನನ್ನು ಕೇಳಿದ. ಜೊಸೆಫಾಟೆ ಅರ್ಜಿಯನ್ನು ವಾಪಸು ಪಡೆಯುತ್ತೇನೆ ಎಂದ. ನಾನು, ಬೇಡ, ಇರಲಿ, ನಾನು ಒಪ್ಪುತ್ತೇನೆ ಎಂದೆ. ಇದು ನನ್ನದೇ ಉತ್ತರ, ನನ್ನದೇ ಪ್ರಶ್ನೆಗೆ. ಗೋಡೆಯ ಮಣ್ಣು ಕಲಸಿದವಳು, ಹುಲ್ಲು ಹೊದಿಸಿದವಳು ನಾನೆಂದು ಸಾಲಿನ ಹೆಂಗಸರು ಸಾಕ್ಷಿ ಹೇಳಿದರು. ಮನೆ ನನಗೆ ಬಂತು. ಅವನು ತಮ್ಮನ ಮನೆಯಲ್ಲಿದ್ದಾನೆ. ಮೊನ್ನೆ ಬಾವಿಯಿಂದ ನೀರು ಹೊತ್ತುಕೊಂಡು ಹೋಗುತ್ತಿದ್ದ. ಅಭ್ಯಾಸವಾಗಿದೆ, ಚೆಲ್ಲುತ್ತಿರಲಿಲ್ಲ. ಅವನನ್ನು ನೋಡಿ ನನಗೆ ಖುಷಿಯಾಗುತ್ತದೆಂದುಕೊಂಡಿದ್ದೆ. ಆಗಲಿಲ್ಲ. ಇಪ್ಪತ್ತಾರು ವರ್ಷ ಒಟ್ಟಿಗೆ ಇದ್ದವರು.

ಸಂಜೆ ನಮ್ಮ ಮನೆಯ ಮುಂದೆ ಹದಿನಾಲ್ಕು ಹೆಂಗಸರು ಅಕ್ಷರ ಕಲಿಯಲು ಬರುತ್ತಾರೆ. ನ್ಯಾಯಾಧೀಶಳಾಗಿ ಕೂರುವಂತಿಲ್ಲ ಎಂದರೇ ಹೊರತು ಮೇಡಂ ಆಗಿ ಕೂರುವಂತಿಲ್ಲ ಎಂದು ಯಾರೂ ಹೇಳಿಲ್ಲ.

ನಿನ್ನೆ ಗ್ರಾಮದ ಅಂಗಡಿಗೆ ಪಟ್ಟಿ ಮಾಡಲು ಒಬ್ಬ ಬಂದಿದ್ದ. ಸಕ್ಕರೆ, ಸೋಪು ಇನ್ನು ಮೇಲೆ ಮನೆಯ ಲೆಕ್ಕದಲ್ಲಿ ಹಂಚುತ್ತಾರಂತೆ. "ಮನೆ ಯಜಮಾನನ ಹೆಸರು?" ಎಂದ. ಅಲ್ಜಿರಾ ಎಂದೆ. ಪೆನ್ನು ಎತ್ತಿ ನನ್ನ ಮುಖ ನೋಡಿ, ಆಮೇಲೆ ಬರೆದ. "ಮನೇಲಿ ಎಷ್ಟು ಜನ?" ಎಂದ. ಮೂವರು ಎಂದೆ. ನಿನ್ನ ಹೆಸರು, ಕುಲಾನಿಯ ಹೆಸರು ಹೇಳಿದೆ. ಬರೆದುಕೊಂಡು ಮುಂದಿನ ಮನೆಗೆ ಹೋದ.

ಬರುವ ರಜೆಗೆ ಲಾರಿಯಲ್ಲಿ ಬರಬೇಡಿ, ನಿನಗೆ ಆಗಿಬರುವುದಿಲ್ಲ. ಬಸ್ಸಿಗೆ ಬನ್ನಿ. ಮೂವರು ಎಂದು ನಾನು ಹೇಳಿದ್ದು ಸುಳ್ಳೋ ನಿಜವೋ ನೀವಿಬ್ಬರೂ ಬಂದ ಮೇಲೆ ಗೊತ್ತಾಗಬೇಕು.

ಅಲ್ಜಿರಾ